ಹಳೆ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ: ಕೊಳ್ಳುವ ಮೊದಲು ಬಿಚ್ಚಿ ನೋಡಿ

ದಾವಣಗೆರೆಯಲ್ಲಿ ನನ್ನ ಕೈಗೆ ಬರುವವು ಹೆಚ್ಚಾಗಿ ಅಣ್ಣನ ಇಂಜಿನಿಯರಿಂಗ್ ಮುಗಿದು ತಮ್ಮನಿಗೆ ಇಳಿದ ಲ್ಯಾಪ್‌ಟಾಪ್‌ಗಳು. ಆನ್ ಆಗಲು ನಾಲ್ಕು ನಿಮಿಷ ಬೇಕೆಂದರೆ ಬಹುಪಾಲು ತಪ್ಪು ನಿಧಾನಕ್ಕೆ ತಿರುಗುವ 5400 ಆರ್‌ಪಿಎಂ ಹಾರ್ಡ್‌ಡಿಸ್ಕಿನದೇ. ಅದರ ಜಾಗಕ್ಕೆ ತಿರುಗುವ ಭಾಗವಿಲ್ಲದ, ಚಿಪ್‌ಗಳಲ್ಲಿ ಡೇಟಾ ಇಡುವ ಎಸ್‌ಎಸ್‌ಡಿ ಹಾಕುತ್ತೇನೆ.

ಕೆಳಗಿನ ಮುಚ್ಚಳ ತೆಗೆಯದೆ ನಾನು ಡ್ರೈವ್ ತರಿಸುವುದಿಲ್ಲ. ಎಂ.2 ಎಂಬುದು ತೆಳು ಪಟ್ಟಿಯಂಥ ಡ್ರೈವಿನ ಆಕಾರದ ಹೆಸರು ಮಾತ್ರ. ಅದೇ ಆಕಾರದಲ್ಲಿ ಸಾಟಾ (ಹಾರ್ಡ್‌ಡಿಸ್ಕ್ ಬಳಸುವ ಹಳೆ ಸಂಪರ್ಕ) ಡ್ರೈವೂ ಇದೆ, ಎನ್‌ವಿಎಂಇ (ಹೊಸ, ವೇಗದ ಸಂಪರ್ಕ) ಡ್ರೈವೂ ಇದೆ. ಎಂ-ಕೀ (ಒಂದು ಬಗೆಯ ಕಚ್ಚಿನ) ಸ್ಲಾಟ್‌ನಲ್ಲಿ ಎನ್‌ವಿಎಂಇ ಸಲೀಸಾಗಿ ಕೂರುತ್ತದೆ, ಆದರೆ ಆ ಸ್ಲಾಟಿಗೆ ಸಾಟಾ ಸಂಪರ್ಕ ಮಾತ್ರ ಕೊಟ್ಟಿದ್ದರೆ ಆ ಡ್ರೈವ್ ಬಯಾಸ್‌ನಲ್ಲಿ (ಆನ್ ಆದ ತಕ್ಷಣ ಓಡುವ ಮೂಲ ತಂತ್ರಾಂಶ) ಕಾಣುವುದೇ ಇಲ್ಲ. ಇನ್ನು ಕೆಲವು ಹಳೆ ಬಯಾಸ್‌ಗಳು ಎನ್‌ವಿಎಂಇಯಿಂದ ಬೂಟ್ ಮಾಡವು. ಮಾಡೆಲ್ ನಂಬರಿನ ಸರ್ವಿಸ್ ಮ್ಯಾನ್ಯುಯಲ್ ತೆರೆದು ಖಚಿತ ಮಾಡಿಕೊಳ್ಳಿ. ಅನುಮಾನ ಉಳಿದರೆ 2.5 ಇಂಚಿನ ಸಾಟಾ ತೆಗೆದುಕೊಳ್ಳಿ. ಸಾಟಾ-2 (ಸಾಟಾದ ಹಳೆ, ನಿಧಾನದ ಆವೃತ್ತಿ) ಇರುವ ಯಂತ್ರದಲ್ಲಿ ವೇಗ ಸೆಕೆಂಡಿಗೆ ಸುಮಾರು 280 ಎಂಬಿಗೆ ನಿಲ್ಲುತ್ತದೆ, ಆದರೂ ಹಾಕಬೇಕು. ದಿನದ ಕೆಲಸದಲ್ಲಿ ಗೊತ್ತಾಗುವ ಚುರುಕು ಬರುವುದು ಸಣ್ಣ ಫೈಲುಗಳನ್ನು ಹುಡುಕುವ ಹೊತ್ತು ಇಳಿಯುವುದರಿಂದ.

ಸ್ಯಾಮ್‌ಸಂಗ್ 870 ಇವಿಒ, ಕ್ರೂಶಿಯಲ್ ಎಂಎಕ್ಸ್500 ಎರಡರಲ್ಲೂ ಡಿರ್ಯಾಮ್ (ಯಾವ ಡೇಟಾ ಎಲ್ಲಿದೆ ಎಂಬ ಪಟ್ಟಿ ಇಡುವ ವೇಗದ ಮೆಮೊರಿ) ಇದೆ, ಚಿಪ್ ಟಿಎಲ್‌ಸಿ (ಒಂದು ಕೋಶಕ್ಕೆ ಮೂರು ಬಿಟ್). ಕ್ರೂಶಿಯಲ್ ಬಿಎಕ್ಸ್500ರಲ್ಲಿ ಡಿರ್ಯಾಮ್ ಇಲ್ಲ. ಟೈಪಿಂಗ್, ಬ್ರೌಸಿಂಗಿಗೆ ಸಾಕು. ಕ್ಯೂಎಲ್‌ಸಿ (ಒಂದು ಕೋಶಕ್ಕೆ ನಾಲ್ಕು ಬಿಟ್) ನನಗೆ ಒಪ್ಪಿಗೆಯಿಲ್ಲ: 1 ಟಿಬಿಯ ಸ್ಯಾಮ್‌ಸಂಗ್ 870 ಕ್ಯೂವಿಒದಲ್ಲಿ ಕ್ಯಾಶ್ (ಬರೆಯುವ ಡೇಟಾ ಮೊದಲು ಹೋಗುವ ವೇಗದ ಭಾಗ) ತುಂಬಿದ ಮೇಲೆ ಬರೆಯುವ ವೇಗ ಸೆಕೆಂಡಿಗೆ 80 ಎಂಬಿಗೆ ಬೀಳುತ್ತದೆ, ಅಂದರೆ ಮತ್ತೆ ಹಾರ್ಡ್‌ಡಿಸ್ಕಿನ ಕಾಲ. 500 ಜಿಬಿಗಿಂತ ಚಿಕ್ಕದು ಬೇಡ.

ಹಳೆ ಡಿಸ್ಕನ್ನು ಮೊದಲು ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶದಲ್ಲಿ ನೋಡುತ್ತೇನೆ. 05 ಅಥವಾ ಸಿ5 ಸಾಲಿನ (ಕೆಟ್ಟ, ಕೆಡುತ್ತಿರುವ ಜಾಗಗಳ ಲೆಕ್ಕ) ರಾ ವ್ಯಾಲ್ಯೂ ಸೊನ್ನೆಯಲ್ಲದಿದ್ದರೆ ಕ್ಲೋನ್, ಅಂದರೆ ಇಡೀ ಡಿಸ್ಕಿನ ನಕಲು, ಮಾಡುವುದಿಲ್ಲ. ಫೋಟೋ, ಪ್ರಾಜೆಕ್ಟ್ ಫೈಲುಗಳನ್ನು ಕಾಪಿ ಮಾಡಿಟ್ಟು ವಿಂಡೋಸ್ ಹೊಸದಾಗಿ ಹಾಕುತ್ತೇನೆ. ಡಿಸ್ಕ್ ಚೆನ್ನಾಗಿದ್ದರೆ ಕ್ಲೋನ್ ಮಾಡಲು ಯುಎಸ್‌ಬಿ-ಸಾಟಾ ಕೇಬಲ್ ಸಾಕು, ಆದರೆ 1 ಟಿಬಿಯಿಂದ 500 ಜಿಬಿಗೆ ಹೋಗುವಾಗ ಮೊದಲು ಪಾರ್ಟಿಷನ್ ಕುಗ್ಗಿಸಬೇಕು. ಬಯಾಸ್ ಐಡಿಇ ಮೋಡ್‌ನಲ್ಲಿದ್ದರೆ (ಡ್ರೈವ್ ಜೊತೆ ಮಾತಾಡುವ ಹಳೆ ವಿಧಾನ) ಹೊಸ ವಿಧಾನವಾದ ಎಎಚ್‌ಸಿಐಗೆ ಬದಲಿಸಬೇಕು. ವಿಂಡೋಸ್ ಇರುವಾಗ ಸುಮ್ಮನೆ ಬದಲಿಸಿದರೆ ನೀಲಿ ಪರದೆ ಬರುತ್ತದೆ. ವಿಂಡೋಸ್ 10 ಆದರೆ ಸೇಫ್ ಮೋಡ್ ಆಯ್ಕೆ ಮಾಡಿ, ರೀಸ್ಟಾರ್ಟ್ ಆಗುವಾಗ ಬಯಾಸ್ ಬದಲಿಸಿ, ಸೇಫ್ ಮೋಡ್‌ನಲ್ಲಿ ಒಮ್ಮೆ ಬೂಟ್ ಮಾಡಿ, ಆಮೇಲೆ ಮಾಮೂಲಿಗೆ ಬನ್ನಿ.

ಬಿಚ್ಚುವ ಮುಂಚೆ ಚಾರ್ಜರ್ ಕೀಳಿ, ಮುಚ್ಚಳ ತೆಗೆದ ಕೂಡಲೇ ಬ್ಯಾಟರಿ ಕನೆಕ್ಟರ್ ತೆಗೆಯಿರಿ. ಎಸ್‌ಎಸ್‌ಡಿ 7 ಮಿಮೀ ದಪ್ಪ, ಹಳೆ ಡಿಸ್ಕ್ 9.5 ಮಿಮೀ ಇರಬಹುದು; ಉಳಿದ ಸಂದಿಗೆ ಸ್ಪೇಸರ್ ಹಾಕದಿದ್ದರೆ ಅಲುಗಾಟಕ್ಕೆ ಕನೆಕ್ಟರ್ ಸಡಿಲವಾಗುತ್ತದೆ. ಬಿಚ್ಚಿದ್ದೇ ಆಗಿದೆ, ಫ್ಯಾನಿನಲ್ಲಿ ಕೂತ ಧೂಳನ್ನೂ ಬ್ರಷ್‌ನಿಂದ ತೆಗೆದುಬಿಡಿ.

ಕ್ಲೋನ್ ಆದ ಮೇಲೆ ಮೊದಲ ಬೂಟ್‌ಗೆ ಹಳೆ ಡಿಸ್ಕ್ ಹೊರಗಿರಲಿ. ಎರಡೂ ಒಂದೇ ಸಿಗ್ನೇಚರ್ (ಡಿಸ್ಕಿನ ಗುರುತು ಸಂಖ್ಯೆ) ಹೊತ್ತಿರುವುದರಿಂದ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡುತ್ತದೆ. ಡಿವಿಡಿ ಜಾಗಕ್ಕೆ ಕ್ಯಾಡಿ (ಡಿಸ್ಕ್ ಕೂರಿಸುವ ಚೌಕಟ್ಟು) ಹಾಕುವುದಾದರೆ 9.5 ಅಥವಾ 12.7 ಮಿಮೀ ಎಂದು ಅಳೆದು ಕೊಳ್ಳಿ, ಅಲ್ಲಿ ಹಳೆ ಡಿಸ್ಕ್ ಇಡಿ. ಎಸ್‌ಎಸ್‌ಡಿ ಮುಖ್ಯ ಜಾಗದಲ್ಲೇ ಇರಲಿ, ಡಿವಿಡಿ ಪೋರ್ಟ್ ಎಷ್ಟೋ ಯಂತ್ರಗಳಲ್ಲಿ ನಿಧಾನದ್ದು.

ಬ್ಯಾಟರಿ ಸತ್ತು ನೇರ ಕರೆಂಟಿನಲ್ಲಿ ಓಡುವ ಲ್ಯಾಪ್‌ಟಾಪಾದರೆ ಬ್ಯಾಟರಿಯನ್ನೂ ಜೊತೆಗೇ ಬದಲಿಸಿ. ಡೇಟಾ ಬರೆಯುತ್ತಿರುವಾಗ ಕರೆಂಟ್ ಹೋದರೆ ಹೊಸ ಎಸ್‌ಎಸ್‌ಡಿಯಲ್ಲೂ ಫೈಲುಗಳು ಕೆಡುತ್ತವೆ.