ನಾಯಿ ಮೈಯ ಹೊಟ್ಟು: ಶಾಂಪೂಗಿಂತ ಮುಖ್ಯ ಆ ಹತ್ತು ನಿಮಿಷ

ಕಪ್ಪು ಲ್ಯಾಬ್ರಡಾರ್ ಸಾಕಿದವರಿಗೆ ಇದು ಬೇಗ ಕಣ್ಣಿಗೆ ಬೀಳುತ್ತದೆ. ಬೆನ್ನ ಮೇಲೆ, ಬಾಲದ ಬುಡದಲ್ಲಿ ರವೆ ಉದುರಿಸಿದ ಹಾಗೆ ಬಿಳಿ ಹೊಟ್ಟು. ಆಗ ಜನ ಮಾಡುವುದು ಎರಡೇ ಕೆಲಸ. ಬಚ್ಚಲಲ್ಲಿರುವ ತಮ್ಮದೇ ಶಾಂಪೂ ಹಾಕಿ ಗಸಗಸ ತಿಕ್ಕುವುದು, ಇಲ್ಲಾ ಮೈತುಂಬ ಕೊಬ್ಬರಿ ಎಣ್ಣೆ ಬಳಿಯುವುದು. ಎರಡೂ ಬೇಡ. ನಮ್ಮ ಚರ್ಮದ ಪಿಎಚ್ (ಆಮ್ಲ-ಕ್ಷಾರದ ಅಳತೆ) 5.5ರ ಆಸುಪಾಸು, ನಾಯಿಯದು ಹೆಚ್ಚುಕಮ್ಮಿ 7. ನಮ್ಮ ತಲೆಗೆಂದು ಮಾಡಿದ್ದು ಅದರ ಚರ್ಮವನ್ನು ಇನ್ನಷ್ಟು ಒಣಗಿಸುತ್ತದೆ. ಎಣ್ಣೆಯನ್ನು ಅರ್ಧ ನಾಯಿಯೇ ನೆಕ್ಕುತ್ತದೆ, ಉಳಿದದ್ದಕ್ಕೆ ಧೂಳು ಅಂಟುತ್ತದೆ. ಮಲಸೇಜಿಯಾ ಅನ್ನುವ ಯೀಸ್ಟ್ (ಚರ್ಮದ ಮೇಲಿನ ಸೂಕ್ಷ್ಮ ಶಿಲೀಂಧ್ರ) ಇದ್ದರಂತೂ ಅದಕ್ಕೆ ಜಿಡ್ಡೇ ಊಟ.

1. ಮೊದಲು ಎಂಥ ಹೊಟ್ಟು ಅಂತ ನೋಡಿ

ನಾಯಿಯನ್ನು ಕಪ್ಪು ಬಟ್ಟೆ ಮೇಲೆ ನಿಲ್ಲಿಸಿ, ಹೇನಿನ ಬಾಚಣಿಗೆಯಲ್ಲಿ ಬೆನ್ನು ಬಾಚಿ. ಉದುರಿದ್ದು ಒಣ ಪುಡಿಯಂತಿದ್ದು ತುರಿಕೆ ಇಲ್ಲದಿದ್ದರೆ ಒಣಚರ್ಮ ಇರಬಹುದು. ಪದೇ ಪದೇ ಸ್ನಾನ, ಚಳಿಗಾಲದ ಗಾಳಿ, ಬರೀ ಮೊಸರನ್ನದ ಊಟ, ಇವೆಲ್ಲ ಕಾರಣವಾಗುತ್ತವೆ. ಬಟ್ಟೆ ಮೇಲಿನ ಹೊಟ್ಟು ಮೆಲ್ಲಗೆ ಸರಿದಾಡುತ್ತಿದ್ದರೆ ಅದು ಹೊಟ್ಟಷ್ಟೇ ಅಲ್ಲ, ಚೈಲಿಟಿಯೆಲ್ಲ ಅನ್ನುವ ನುಸಿ. ಮನೆಯವರಿಗೂ ತುರಿಕೆ ಹತ್ತಬಹುದು. ಕಪ್ಪು ಕಾಳು ಉದುರಿದರೆ ಒದ್ದೆ ಹತ್ತಿಯ ಮೇಲೆ ಒತ್ತಿ. ಕೆಂಪು ಬಣ್ಣ ಬಿಟ್ಟರೆ ಚಿಗಟದ ಹಿಕ್ಕೆ, ಅಂದರೆ ನಿಮ್ಮ ನಾಯಿಯದೇ ರಕ್ತ. ಹಳದಿ, ಜಿಡ್ಡು, ಮುಗ್ಗಲು ವಾಸನೆ ಇದ್ದರೆ ಯೀಸ್ಟ್ ಅಥವಾ ಬ್ಯಾಕ್ಟೀರಿಯಾ.

ಕೂದಲು ಉದುರಿ ಬೋಳಾಗಿದ್ದರೆ, ಗಾಯವಾಗಿದ್ದರೆ, ರಾತ್ರಿಯೆಲ್ಲ ಕೆರೆದುಕೊಳ್ಳುತ್ತಿದ್ದರೆ ಮುಂದೆ ಓದಬೇಡಿ, ಪಶುವೈದ್ಯರ ಹತ್ತಿರ ಹೋಗಿ. ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು ದೊಡ್ಡ ಕೆಲಸವೇನಲ್ಲ. ನಾಯಿ ಮಂಕಾಗಿ, ತಿನ್ನದೆಯೂ ದಪ್ಪಗಾಗುತ್ತಿದ್ದರೆ ಥೈರಾಯ್ಡ್ ಪರೀಕ್ಷೆ ಕೇಳಿ. ಕಾಕರ್ ಸ್ಪ್ಯಾನಿಯಲ್‌ಗೆ ಹೊಟ್ಟಿನ ತೊಂದರೆ ವಂಶದಿಂದಲೇ ಬರುವುದುಂಟು, ಹಸ್ಕಿಗಳಿಗೆ ಸತುವಿನ ಕೊರತೆಯಿಂದ ಬರುವುದುಂಟು.

2. ಶಾಂಪೂ

ಒಣ ಹೊಟ್ಟಿಗೆ ಓಟ್ಸ್ ಇರುವ ನಾಯಿ ಶಾಂಪೂ. ಜಿಡ್ಡು, ವಾಸನೆ ಇದ್ದರೆ ಬ್ಯಾಕ್ಟೀರಿಯಾ, ಯೀಸ್ಟ್ ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ಮತ್ತು ಮೈಕೊನಜೋಲ್ ಇರುವಂಥದ್ದು, ಅದೂ ವೈದ್ಯರನ್ನು ಕೇಳಿಯೇ. ಘಮಘಮ ಅನ್ನುವ ಬಾಟಲಿಗಳನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಟೀ ಟ್ರೀ ಎಣ್ಣೆ ನಾಯಿಗೆ ವಿಷ. ಫಿನಾಯಿಲ್, ಸೀಮೆಎಣ್ಣೆ, ಗ್ಯಾರೇಜಿನ ಹಳೇ ಎಂಜಿನ್ ಆಯಿಲ್ ಹಚ್ಚುವವರು ಈಗಲೂ ಇದ್ದಾರೆ. ದಯವಿಟ್ಟು ಬೇಡ.

3. ಸ್ನಾನ, ಎಲ್ಲರೂ ಎಡವುವುದು ಇಲ್ಲೇ

ಒಣ ಮೈಯನ್ನೇ ಮೊದಲು ಬಾಚಿ. ಗಂಟುಕಟ್ಟಿದ ಕೂದಲ ಕೆಳಗೆ ಏನೂ ಇಳಿಯುವುದಿಲ್ಲ. ನೀರು ಉಗುರುಬೆಚ್ಚಗಿದ್ದರೆ ಸಾಕು, ಬಿಸಿಯಾದರೆ ತುರಿಕೆ ಜಾಸ್ತಿಯಾಗುತ್ತದೆ. ಮೇಲೆ ಮೇಲೆ ನಾಲ್ಕು ಮಗ್ಗು ಸುರಿದರೆ ದಪ್ಪ ಕೂದಲಿನ ನಾಯಿ ಒಳಗೆ ಒಣಗೇ ಇರುತ್ತದೆ, ಬೆರಳಲ್ಲಿ ಕೂದಲು ಬಿಡಿಸಿ ಚರ್ಮ ಒದ್ದೆಯಾಗಿದೆಯಾ ಅಂತ ನೋಡಿ. ಶಾಂಪೂವನ್ನು ಅಂಗೈಗೆ ಹಾಕಿಕೊಂಡು, ಹೊಟ್ಟು ಜಾಸ್ತಿ ಇರುವ ಕಡೆಯಿಂದ ಶುರು ಮಾಡಿ, ಉಗುರು ತಾಗಿಸದೆ ಬೆರಳ ತುದಿಯಿಂದ ಬುಡಕ್ಕೆ ಹಚ್ಚಿ.

ಈಗ ಗಡಿಯಾರ ನೋಡಿ. ಔಷಧಿ ಶಾಂಪೂ ಹತ್ತು ನಿಮಿಷ ಚರ್ಮದ ಮೇಲೆ ಇರಲೇಬೇಕು. ಎರಡನೇ ನಿಮಿಷಕ್ಕೆ ನಾಯಿ ಒಮ್ಮೆ ಮೈ ಕೊಡವುತ್ತದೆ, ನೊರೆ ಗೋಡೆಗೆ, ನಿಮ್ಮ ಮುಖಕ್ಕೆ ಹಾರುತ್ತದೆ, ಸಾಕಪ್ಪಾ ಅಂತ ನೀವು ನೀರು ಸುರಿಯುತ್ತೀರಿ. ದುಬಾರಿ ಔಷಧಿ ಮೋರಿಗೆ ಹೋಯಿತು, ಅಷ್ಟೆ. ಆಮೇಲೆ ಈ ಶಾಂಪೂ ಕೆಲಸ ಮಾಡಲ್ಲ ಅಂತ ಬೇರೆ ಬ್ರ್ಯಾಂಡು ತರುವುದು! ಕೊಡವುವುದು ತಲೆಯಿಂದ ಶುರುವಾಗುತ್ತದೆ, ಹಾಗಾಗಿ ಮೂತಿಯ ಮೇಲೆ ಮೆಲ್ಲಗೆ ಕೈ ಇಟ್ಟುಕೊಂಡರೆ ಅರ್ಧಕ್ಕೇ ನಿಲ್ಲುತ್ತದೆ. ಸ್ಟೀಲ್ ತಟ್ಟೆಗೆ ಗಟ್ಟಿ ಮೊಸರು ಸವರಿ ಮುಂದಿಡಿ, ನಾಯಿ ಅದರಲ್ಲೇ ಮುಳುಗಿರುತ್ತದೆ, ನೊರೆ ನೆಕ್ಕುವುದೂ ತಪ್ಪುತ್ತದೆ.

ತೊಳೆಯುವುದಕ್ಕೆ ಹಚ್ಚಿದ್ದಕ್ಕಿಂತ ಜಾಸ್ತಿ ಹೊತ್ತು ಬೇಕು. ನೊರೆ ಹೋಯಿತು ಅಂದರೆ ಮುಗಿಯಿತು ಅಂತಲ್ಲ. ಕಂಕುಳು, ತೊಡೆಯ ಸಂದು, ಬಾಲದ ಅಡಿ, ಕಾಲ್ಬೆರಳುಗಳ ನಡುವೆ ಕೈ ಹಾಕಿ ನೋಡಿ, ಜಾರುತ್ತಿದ್ದರೆ ಇನ್ನೂ ಶಾಂಪೂ ಇದೆ. ಅಲ್ಲಿ ಉಳಿದದ್ದೇ ಒಣಗಿ ನಾಳೆ ಹೊಟ್ಟಾಗುತ್ತದೆ. ಟವೆಲ್ಲಿನಿಂದ ಒತ್ತಿ ಒರೆಸಿ, ಉಜ್ಜಬೇಡಿ.

4. ಆಮೇಲೆ

ಊಟಕ್ಕೆ ಮೀನೆಣ್ಣೆ ಸೇರಿಸಬಹುದು, ತೂಕ ನೋಡಿ ಎಷ್ಟು ಅಂತ ವೈದ್ಯರೇ ಹೇಳಲಿ. ನಾಯಿಯ ಮೇಲ್ಚರ್ಮ ಹೊಸದಾಗಲು ಸುಮಾರು ಮೂರು ವಾರ ಬೇಕು, ಮೀನೆಣ್ಣೆಯ ಗುಣ ಕಾಣಲು ಇನ್ನೂ ಜಾಸ್ತಿ. ಒಂದೇ ಸ್ನಾನಕ್ಕೆ ಪವಾಡ ಕಾಯಬೇಡಿ. ಮುಧೋಳದಂಥ ತೆಳುಗೂದಲಿನ ನಾಯಿಗೆ ಆರೋಗ್ಯವಾಗಿದ್ದಾಗ ತಿಂಗಳಿಗೊಂದು ಸ್ನಾನ ಧಾರಾಳ.

ನುಸಿ ಅಂತ ಗೊತ್ತಾದರೆ ಮನೆಯ ಎಲ್ಲ ನಾಯಿ, ಬೆಕ್ಕುಗಳಿಗೂ ಒಟ್ಟಿಗೇ ಚಿಕಿತ್ಸೆ ಆಗಬೇಕು, ಹಾಸಿಗೆಯನ್ನು ಬಿಸಿನೀರಲ್ಲಿ ಒಗೆಯಬೇಕು. ನಾಯಿಯ ಔಷಧಿಯನ್ನೇ ಬೆಕ್ಕಿಗೆ ಹಾಕಬೇಡಿ, ಅದರಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇದ್ದರೆ ಬೆಕ್ಕು ಸತ್ತೇ ಹೋಗಬಹುದು. ಇನ್ನು ಹುಳು, ನುಸಿಗೆಂದು ದನಕ್ಕೆ ಕೊಡುವ ಐವರ್ಮೆಕ್ಟಿನ್ ಇಂಜೆಕ್ಷನ್ನನ್ನು ಅಂದಾಜಿನ ಮೇಲೆ ನಾಯಿಗೆ ಚುಚ್ಚುವವರಿದ್ದಾರೆ. ಕೋಲಿ ಜಾತಿಯ ಎಷ್ಟೋ ನಾಯಿಗಳಿಗೆ ಆ ಪ್ರಮಾಣ ನೇರ ಮಿದುಳಿಗೇ ಹೊಡೆಯುತ್ತದೆ.