ಸಂಜೆ ಕಾಫಿಯನ್ನು ಮಧ್ಯಾಹ್ನಕ್ಕೆ ಸರಿಸುವುದು ಹೇಗೆ?

ನಮ್ಮಮ್ಮನಿಗೆ ದೇವರ ದೀಪ ಹಚ್ಚಿದ ಮೇಲೆ ಒಂದು ಲೋಟ ಸ್ಟ್ರಾಂಗ್ ಕಾಫಿ ಬೇಕೇ ಬೇಕಿತ್ತು. ರಾತ್ರಿ ಒಂದು ಗಂಟೆಗೆ ಎದ್ದು ಅಡುಗೆಮನೆ ಕಟ್ಟೆ ಒರೆಸುತ್ತಿದ್ದರು. ಬೆಳಿಗ್ಗೆ ಹಾಲು ಒಲೆ ಮೇಲಿಟ್ಟು ಮರೆಯುತ್ತಿದ್ದರು. ವಯಸ್ಸಾಯಿತು ಅಂದುಕೊಂಡೆವು. ಕಾಫಿಯ ಹೊತ್ತನ್ನು ಯಾರೂ ಗಮನಿಸಿರಲಿಲ್ಲ.

ಎಚ್ಚರವಾಗಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗುತ್ತದೆ. ಅದು ಜಾಸ್ತಿಯಾದಂತೆ ಕಣ್ಣು ಎಳೆಯುತ್ತದೆ. ಅದು ಕೂರಬೇಕಾದ ಜಾಗದಲ್ಲಿ ಕಾಫಿಯಲ್ಲಿರುವ ಕೆಫೀನ್ ಹೋಗಿ ಕೂರುತ್ತದೆ, ದಣಿವು ಗೊತ್ತೇ ಆಗುವುದಿಲ್ಲ. ಕುಡಿದ ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ಸಂಜೆ 6ಕ್ಕೆ ಕುಡಿದರೆ ರಾತ್ರಿ 11ಕ್ಕೂ ಅರ್ಧ ಲೋಟದಷ್ಟು ಮೈಯಲ್ಲೇ ಇರುತ್ತದೆ. ‘ನಂಗೆ ಕಾಫಿ ಕುಡಿದ್ರೂ ನಿದ್ದೆ ಬರುತ್ತೆ’ ಅನ್ನುವವರಿದ್ದಾರೆ. ಬರಬಹುದು, ಆದರೆ ಗಾಢ ನಿದ್ದೆ ಕಡಿಮೆಯಾಗುತ್ತದೆ. ಹಗಲು ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗಲು ಆ ನಿದ್ದೆ ಬೇಕು.

ಮೊದಲನೆಯದಾಗಿ, ಒಮ್ಮೆಲೇ ಬಿಡಬೇಡಿ. ಮಾರನೇ ದಿನವೇ ತಲೆ ಸಿಡಿಯತೊಡಗುತ್ತದೆ, ಮತ್ತೆ ಫಿಲ್ಟರ್‌ಗೆ ಪುಡಿ ಹಾಕುತ್ತೀರಿ. 6 ಗಂಟೆಯ ಕಾಫಿಯನ್ನು ಎರಡು ದಿನ ಐದೂವರೆಗೆ ಕುಡಿಯಿರಿ. ಆಮೇಲೆ ಎರಡು ದಿನ 5ಕ್ಕೆ. ಹೀಗೆ ಎರಡು ವಾರದೊಳಗೆ 3 ಗಂಟೆಗೆ ಬಂದು ನಿಲ್ಲಬಹುದು.

ಇನ್ನು ಪುಡಿ. ರೊಬಸ್ಟಾ, ಅರೇಬಿಕಾ ಎಂದು ಕಾಫಿ ಬೀಜದಲ್ಲಿ ಎರಡು ಮುಖ್ಯ ಬಗೆ. ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇರುತ್ತದೆ. ಚಿಕೋರಿಯಲ್ಲಿ ಕೆಫೀನೇ ಇಲ್ಲ. ಕಾಫಿಪುಡಿ ಅಂಗಡಿಯಲ್ಲಿ ಕಣ್ಣೆದುರೇ ಬೀಜ ಹುರಿದು ಬೀಸಿ ಕೊಡುತ್ತಾರೆ, ಅಲ್ವಾ? ಅಲ್ಲೇ ಕೇಳಿ, ರೊಬಸ್ಟಾ ಕಡಿಮೆ ಮಾಡಿಸಿ. ಡಿಕಾಕ್ಷನ್ನೂ ಒಂದು ಚಮಚ ಕಡಿಮೆ ಹಾಕಿ.

ದೀಪ ಹಚ್ಚಿದ ಮೇಲಿನ ಹೊತ್ತನ್ನು ಖಾಲಿ ಬಿಡಬಾರದು. ಇದನ್ನು ಒತ್ತಿ ಹೇಳುತ್ತೇನೆ. ಕೈಗೆ ಬಿಸಿ ಲೋಟ ಬೇಕು, ಪಕ್ಕದಲ್ಲಿ ಮಾತಿಗೊಬ್ಬರು ಬೇಕು. ಕೊತ್ತಂಬರಿ ಬೀಜ, ಜೀರಿಗೆ ಹುರಿದು ಪುಡಿ ಮಾಡಿಟ್ಟುಕೊಳ್ಳಿ. ಬೆಲ್ಲ ಹಾಕಿ ಕುದಿಸಿ, ಹಾಲು ಬೆರೆಸಿದರೆ ಕಷಾಯ ಸಿದ್ಧ. ಸಕ್ಕರೆ ಕಾಯಿಲೆ ಇದ್ದರೆ ಬೆಲ್ಲ ಬೇಡ. ಅಮ್ಮ ಈಗ ಅದೇ ಲೋಟದಲ್ಲಿ, ಅದೇ ಕುರ್ಚಿಯಲ್ಲಿ ಕೂತು ಕಷಾಯ ಕುಡಿಯುತ್ತಾರೆ. ಚಹಾಕ್ಕೆ ಬದಲಾಯಿಸಿದರೆ ಪ್ರಯೋಜನವಿಲ್ಲ, ಅದರಲ್ಲೂ ಕೆಫೀನ್ ಇದೆ.

ಹಾಸಿಗೆಯಲ್ಲಿ ಫೋನ್ ನೋಡುತ್ತಾ ಕೂರದಂತೆ ಚಾರ್ಜರನ್ನು ಮಲಗುವ ಕೋಣೆಯಿಂದ ಹಾಲ್‌ಗೆ ತನ್ನಿ. ಅಲಾರಾಂಗೆ ಒಂದು ಗಡಿಯಾರ ಇಟ್ಟುಕೊಳ್ಳಿ.

ಇಷ್ಟೆಲ್ಲ ಮಾಡಿಯೂ ಹಗಲು ಕೂತಲ್ಲೇ ತೂಕಡಿಕೆ ಬರುತ್ತಿದ್ದರೆ, ರಾತ್ರಿ ಗೊರಕೆ ಜೋರಾಗಿ ನಡುವೆ ಉಸಿರು ನಿಂತಂತಾಗುತ್ತಿದ್ದರೆ, ತಡ ಮಾಡದೆ ಡಾಕ್ಟರಿಗೆ ತೋರಿಸಿ.