ಗೇಮಿಂಗ್ ಕಂಪನಿಗಳ ವಿಲೀನ: ಬಳ್ಳಾರಿಯ ಪಾರ್ಲರ್‌ನಿಂದ ಸಿಸಿಐಗೆ ಆಕ್ಷೇಪಣೆ ಬರೆಯುವುದು ಹೇಗೆ

ಬಳ್ಳಾರಿಯ ಕೌಲ್ ಬಜಾರಿನಲ್ಲೋ ರಾಯಚೂರಿನ ಸ್ಟೇಷನ್ ರಸ್ತೆಯಲ್ಲೋ ನಾಲ್ಕಾರು ಕನ್ಸೋಲ್ (ಟಿವಿಗೆ ಜೋಡಿಸಿ ವಿಡಿಯೊ ಗೇಮ್ ಆಡುವ ಯಂತ್ರ) ಇಟ್ಟುಕೊಂಡು ಗಂಟೆ ಲೆಕ್ಕದಲ್ಲಿ ಆಟ ಆಡಿಸುವವರಿಗೆ, ಅಮೆರಿಕದ ಎರಡು ಕಂಪನಿ ಒಂದಾದರೆ ನಮಗೇನು ಅನ್ನಿಸುವುದು ಸಹಜ. ಆದರೆ ಪಾರ್ಲರ್‌ಗೆ ಗಿರಾಕಿ ಬರುವುದು ಎರಡು ಮೂರು ಆಟಗಳಿಗಾಗಿ. ಆ ಆಟ ಯಾವ ಕನ್ಸೋಲ್‌ನಲ್ಲಿ ಸಿಗಬೇಕು, ಎಷ್ಟಕ್ಕೆ ಸಿಗಬೇಕು ಎಂದು ತೀರ್ಮಾನಿಸುವ ಕೈ ಬದಲಾದರೆ ಅಂಗಡಿಯ ಲೆಕ್ಕವೂ ಬದಲಾಗುತ್ತದೆ. ಇಂಥ ವಿಲೀನ ಭಾರತೀಯ ಸ್ಪರ್ಧಾ ಆಯೋಗದ, ಅಂದರೆ ಸಿಸಿಐ ಮುಂದೆ ಬಂದಾಗ ಅದರಿಂದ ತೊಂದರೆಯಾಗುವ ಯಾರೇ ಆದರೂ ಬರೆಯಬಹುದು, ಸಣ್ಣ ಅಂಗಡಿಯವರೂ ಸಹ. ‘ಕಂಪನಿ ವಿಪರೀತ ದೊಡ್ಡದಾಯಿತು’ ಎಂದಷ್ಟೇ ಬರೆದರೆ ಆ ಕಾಗದ ಕಡತದಲ್ಲೇ ಉಳಿಯುತ್ತದೆ. ‘ಈ ಆಟ ತಡೆದರೆ ಅವರಿಗೆ ಏನು ಲಾಭ, ನಮಗೆ ಎಷ್ಟು ಪೆಟ್ಟು’ ಎಂಬ ಲೆಕ್ಕವಿದ್ದರೆ ಅಧಿಕಾರಿ ಪೆನ್ಸಿಲ್ ಹಿಡಿದು ಓದುತ್ತಾರೆ.

ಮೊದಲು ಒಂದು ಹಳೆಯ ಪ್ರಕರಣ ಓದಿಕೊಳ್ಳಿ

ಬರೆಯಲು ಕೂರುವ ಮುನ್ನ ಮೈಕ್ರೋಸಾಫ್ಟ್–ಆಕ್ಟಿವಿಷನ್ ಬ್ಲಿಝಾರ್ಡ್ ಪ್ರಕರಣ ತಿಳಿದಿರಲಿ. ಆಟದ ಕಂಪನಿಗಳ ವಿಲೀನದಲ್ಲಿ ಯಾವ ವಾದ ನಿಲ್ಲುತ್ತದೆ, ಯಾವುದು ಬೀಳುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು. ಆಟ ತಯಾರಿಸುವ ಆಕ್ಟಿವಿಷನ್ ಕಂಪನಿಯನ್ನು ಮೈಕ್ರೋಸಾಫ್ಟ್ ಕೊಳ್ಳುವುದಾಗಿ 2022ರ ಜನವರಿ 18ರಂದು ಘೋಷಣೆಯಾದ ವ್ಯವಹಾರ ಅದು. ಮೊತ್ತ 68.7 ಶತಕೋಟಿ ಡಾಲರ್, ಆಗಿನ ದರದಲ್ಲಿ 5 ಲಕ್ಷ ಕೋಟಿ ರೂಪಾಯಿಗೂ ಮೇಲೆ. ವಿಲೀನ ಪೂರ್ಣಗೊಂಡದ್ದು 2023ರ ಅಕ್ಟೋಬರ್ 13ಕ್ಕೆ.

ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ ಸಿಎಂಎ ಎರಡು ಅನುಮಾನಗಳನ್ನು ಮುಂದಿಟ್ಟಿತು. ಒಂದು, ಆಕ್ಟಿವಿಷನ್‌ನ ‘ಕಾಲ್ ಆಫ್ ಡ್ಯೂಟಿ’ ಆಟವನ್ನು ಮೈಕ್ರೋಸಾಫ್ಟ್ ತನ್ನ ಕನ್ಸೋಲ್ ಎಕ್ಸ್‌ಬಾಕ್ಸ್‌ಗೆ ಮಾತ್ರ ಇಟ್ಟುಕೊಂಡು ಸೋನಿಯ ಪ್ಲೇಸ್ಟೇಷನ್‌ಗೆ ಕೊಡದೆ ಹೋಗಬಹುದು. ಇನ್ನೊಂದು, ಇಂಟರ್‌ನೆಟ್ ಮೂಲಕ ಆಡುವ ಕ್ಲೌಡ್ ಗೇಮಿಂಗ್‌ನಲ್ಲಿ ಬೇರೆಯವರು ತಲೆ ಎತ್ತದಂತೆ ಮಾಡಬಹುದು. ಜಗಳದ ಸದ್ದೆಲ್ಲ ಮೊದಲನೆಯದರ ಸುತ್ತಲೇ ಇತ್ತು. ಬಿದ್ದುಹೋದದ್ದೂ ಅದೇ.

ಬೀಳಲು ಕಾರಣ ತೀರಾ ಸರಳ. ಪ್ಲೇಸ್ಟೇಷನ್‌ಗೆ ಆಟ ಕೊಡದಿದ್ದರೆ ಅಲ್ಲಿನ ಮಾರಾಟದ ಹಣ ಮೈಕ್ರೋಸಾಫ್ಟ್‌ಗೆ ತಪ್ಪುತ್ತದೆ. ಆಟದ ಸಲುವಾಗಿ ಎಕ್ಸ್‌ಬಾಕ್ಸ್‌ಗೆ ಬರುವವರಿಂದ ಹಣ ಸಿಗುತ್ತದೆ. ಎರಡರಲ್ಲಿ ಯಾವುದು ಹೆಚ್ಚು? ಸಿಎಂಎ ಮೊದಲು ಮಾಡಿದ ಲೆಕ್ಕದಲ್ಲಿ ಲಾಭವನ್ನು ಹಲವು ವರ್ಷಗಳಿಗೆ, ನಷ್ಟವನ್ನು ಒಂದೇ ವರ್ಷಕ್ಕೆ ಹಿಡಿಯಲಾಗಿದೆ ಎಂದು ಮೈಕ್ರೋಸಾಫ್ಟ್ ತಕರಾರು ತೆಗೆಯಿತು. ಹೊಸ ಅಂಕಿ-ಅಂಶ ಇಟ್ಟುಕೊಂಡು ಮತ್ತೆ ಕೂಡಿ ಕಳೆದಾಗ ಆಟ ತಡೆಯುವುದರಿಂದ ಮೈಕ್ರೋಸಾಫ್ಟ್‌ಗೇ ದೊಡ್ಡ ನಷ್ಟ ಎಂದು ಬಂತು. 2023ರ ಮಾರ್ಚ್‌ನಲ್ಲಿ ಸಿಎಂಎ ಕನ್ಸೋಲ್ ಆಕ್ಷೇಪವನ್ನು ಕೈಬಿಟ್ಟಿತು.

ಬಳ್ಳಾರಿಯ ಜೀನ್ಸ್ ಮಂದಿಗೆ ಈ ಲೆಕ್ಕ ಹೊಸದಲ್ಲ. ಡೆನಿಮ್ ಬಟ್ಟೆ ನೇಯುವ ಮಿಲ್ಲೊಂದು ಪ್ಯಾಂಟ್ ಹೊಲಿಸುವ ದೊಡ್ಡ ಘಟಕವನ್ನು ಕೊಂಡಿತು ಅನ್ನಿ. ಉಳಿದ ಘಟಕಗಳಿಗೆ ಬಟ್ಟೆ ನಿಲ್ಲಿಸುತ್ತದೆಯೇ? ನಿಲ್ಲಿಸುವ ಶಕ್ತಿ ಅದಕ್ಕೆ ಇರಬೇಕು, ಅಂದರೆ ಬೇರೆ ಮಿಲ್ಲಿನ ಬಟ್ಟೆ ಸುಲಭವಾಗಿ ಸಿಗಬಾರದು. ನಿಲ್ಲಿಸಿದರೆ ಲಾಭವೂ ಆಗಬೇಕು. ಕೊನೆಗೆ ಅದರಿಂದ ಪ್ಯಾಂಟ್ ಕೊಳ್ಳುವವರಿಗೆ ಪೆಟ್ಟು ಬೀಳಬೇಕು. ಶಕ್ತಿ, ಲಾಭ, ಪೆಟ್ಟು: ಯಾವ ದೇಶದ ನಿಯಂತ್ರಕರೇ ಆಗಲಿ ಇಂಥ ವಿಲೀನದಲ್ಲಿ ಈ ಮೂರನ್ನೇ ಕೇಳುತ್ತಾರೆ. ಮೂರರಲ್ಲಿ ಒಂದು ತಪ್ಪಿದರೂ ವಾದ ನಿಲ್ಲುವುದಿಲ್ಲ.

ಕ್ಲೌಡ್ ವಿಚಾರದಲ್ಲಿ ಮೂರೂ ಕೂಡಿಬಂದವು. ಆ ಸೇವೆಗಳಲ್ಲಿ ಶೇ 60ರಿಂದ 70ರಷ್ಟು ಆಗಲೇ ಮೈಕ್ರೋಸಾಫ್ಟ್ ಕೈಯಲ್ಲಿದೆ ಎಂದು ಸಿಎಂಎ ಲೆಕ್ಕ ಹಾಕಿತ್ತು. 2023ರ ಏಪ್ರಿಲ್ 26ರಂದು ವಿಲೀನವನ್ನೇ ತಡೆಯಿತು. ಮೇ 15ರಂದು ಐರೋಪ್ಯ ಆಯೋಗ ಅದೇ ಕ್ಲೌಡ್ ಭಯವನ್ನು ಒಪ್ಪಿಕೊಂಡೂ, ಆಟಗಳನ್ನು ಬೇರೆ ಕ್ಲೌಡ್ ಸೇವೆಗಳಲ್ಲಿ ಆಡಲು 10 ವರ್ಷ ಉಚಿತ ಪರವಾನಗಿ ಕೊಡಬೇಕು ಎಂಬ ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟಿತು. ಜುಲೈನಲ್ಲಿ ಅಮೆರಿಕದ ಸ್ಪರ್ಧಾ ನಿಯಂತ್ರಕ ಎಫ್‌ಟಿಸಿ ಕೇಳಿದ ತಡೆಯಾಜ್ಞೆಯನ್ನು ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯ ತಳ್ಳಿಹಾಕಿತು. ಆಮೇಲೆ ಮೈಕ್ರೋಸಾಫ್ಟ್ ಬ್ರಿಟನ್ನಿಗೆ ಹೊಸ ಪ್ರಸ್ತಾವ ತಂದಿತು. ಆಕ್ಟಿವಿಷನ್‌ನ ಈಗಿನ ಆಟಗಳು ಮತ್ತು ಮುಂದಿನ 15 ವರ್ಷಗಳಲ್ಲಿ ಬರುವ ಆಟಗಳ ಕ್ಲೌಡ್ ಹಕ್ಕು, ಯುರೋಪಿನ ಆರ್ಥಿಕ ವಲಯದ ಆಚೆಗೆ, ಫ್ರಾನ್ಸಿನ ಆಟದ ಕಂಪನಿ ಯೂಬಿಸಾಫ್ಟ್‌ಗೆ ಹೋಗುತ್ತದೆ ಎಂದಿತು. ಸಿಎಂಎ ಒಪ್ಪಿದ್ದು ಆಗಲೇ.

ಸಿಎಂಎಗೆ ಸಾರ್ವಜನಿಕರಿಂದ ಎರಡು ಸಾವಿರಕ್ಕೂ ಹೆಚ್ಚು ಇಮೇಲ್ ಬಂದಿದ್ದವು, ಬಹುಪಾಲು ವಿಲೀನದ ಪರ. ಆದರೂ ಅದು ತಡೆಯಿತು. ಒಂದೇ ಒಕ್ಕಣೆಯ ಕಾಗದಕ್ಕೆ ಊರಿನವರೆಲ್ಲ ಸಹಿ ಹಾಕಿಸಿ ಕಳಿಸೋಣ ಎನ್ನುವವರು ಇದನ್ನು ಗಮನಿಸಲೇಬೇಕು.

ಪ್ರಕರಣ ಸಿಸಿಐಗೆ ಬರುತ್ತದೆಯೇ?

ಎಲ್ಲ ವಿಲೀನವೂ ಸಿಸಿಐ ಅನುಮತಿ ಕೇಳಬೇಕಿಲ್ಲ. 2002ರ ಸ್ಪರ್ಧಾ ಕಾಯ್ದೆಯ 5 ಮತ್ತು 6ನೇ ಕಲಂಗಳು ಮಿತಿ ಹೇಳುತ್ತವೆ. ಮಾರಾಟವಾಗುವ ಕಂಪನಿಗೆ ಭಾರತದಲ್ಲಿ 450 ಕೋಟಿ ರೂ. ಒಳಗಿನ ಆಸ್ತಿ ಅಥವಾ 1,250 ಕೋಟಿ ರೂ. ಒಳಗಿನ ವಹಿವಾಟು ಇದ್ದರೆ ವಿನಾಯಿತಿ ಇದೆ. ಆಟದ ಕಂಪನಿಗಳಿಗೆ ಇಲ್ಲಿ ಕಾರ್ಖಾನೆಯಿಲ್ಲ, ಗೋದಾಮಿಲ್ಲ. ಹಾಗಾಗಿ ಹಿಂದೆ ದೊಡ್ಡ ವ್ಯವಹಾರವೂ ಈ ಸಂದಿಯಲ್ಲಿ ನುಸುಳಿಹೋಗಲು ಅವಕಾಶವಿತ್ತು.

2024ರ ಸೆಪ್ಟೆಂಬರ್ 10ರಿಂದ ಅದು ಬಿಗಿಯಾಗಿದೆ. ವ್ಯವಹಾರದ ಮೊತ್ತ 2,000 ಕೋಟಿ ರೂ. ದಾಟಿದ್ದು, ಮಾರಾಟವಾಗುವ ಕಂಪನಿಗೆ ಭಾರತದಲ್ಲಿ ಗಣನೀಯ ವ್ಯವಹಾರ ಇದ್ದರೆ ಅನುಮತಿ ಬೇಕೇ ಬೇಕು. ಮೇಲಿನ ವಿನಾಯಿತಿ ನಡೆಯುವುದಿಲ್ಲ. ಡಿಜಿಟಲ್ ಸೇವೆಯಾದರೆ ಜಗತ್ತಿನ ಒಟ್ಟು ಬಳಕೆದಾರರಲ್ಲಿ ಶೇ 10 ಅಥವಾ ಹೆಚ್ಚು ಮಂದಿ ಭಾರತದಲ್ಲಿದ್ದರೂ ಸಾಕು. ಮೊಬೈಲ್ ಆಟಗಳಿಗೆ ಇಲ್ಲಿರುವ ಜನರನ್ನು ನೋಡಿದರೆ ಇದು ಸಣ್ಣ ಬದಲಾವಣೆಯಲ್ಲ. ಅನುಮತಿ ಕೇಳದೆ ಮುಗಿಸಿಬಿಟ್ಟ ವ್ಯವಹಾರವಾದರೂ, ಜಾರಿಗೆ ಬಂದ ಒಂದು ವರ್ಷದೊಳಗೆ ಆಯೋಗ 20ನೇ ಕಲಂ ಅಡಿ ವಿಚಾರಣೆ ಶುರುಮಾಡಬಹುದು.

ಸಿಸಿಐ ಜಾಲತಾಣದಲ್ಲಿ ಕಾಂಬಿನೇಷನ್ (ವಿಲೀನ, ಖರೀದಿ) ವಿಭಾಗಕ್ಕೆ ಹೋಗಿ ಕಂಪನಿಯ ಹೆಸರು ಹುಡುಕಿ. ಪ್ರತಿ ಅರ್ಜಿಗೂ ‘ಸಿ’ ಅಕ್ಷರ, ವರ್ಷ, ತಿಂಗಳು, ಕ್ರಮಸಂಖ್ಯೆ ಸೇರಿದ ನೋಂದಣಿ ಸಂಖ್ಯೆ ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಜೊತೆಗಿರುವ ಸಾರಾಂಶದಲ್ಲಿ ಯಾವ ಯಾವ ಮಾರುಕಟ್ಟೆಯಲ್ಲಿ ಎರಡೂ ಕಂಪನಿಗಳು ಎದುರುಬದುರು ನಿಂತಿವೆ ಎಂದು ಅವರೇ ಹೇಳಿರುತ್ತಾರೆ. ಎಲ್ಲಕ್ಕಿಂತ ಮುಖ್ಯ ಆ ಸಾಲುಗಳು. ನಿಮ್ಮ ಅಂಗಡಿಗೆ ಸಂಬಂಧಿಸಿದ ಮಾರುಕಟ್ಟೆ ಅಲ್ಲಿ ಬಿಟ್ಟುಹೋಗಿದ್ದರೆ ಆಕ್ಷೇಪಣೆಯನ್ನು ಅಲ್ಲಿಂದಲೇ ಆರಂಭಿಸಿ.

ಹತ್ತು ದಿನದ ಕಿಟಕಿ

ಅರ್ಜಿ ಬಂದ 30 ದಿನಗಳೊಳಗೆ ಆಯೋಗ ಮೇಲ್ನೋಟದ ಅಭಿಪ್ರಾಯಕ್ಕೆ ಬರಬೇಕು. ಇಡೀ ಪ್ರಕ್ರಿಯೆಗೆ 150 ದಿನ. ಬಹುಪಾಲು ಅರ್ಜಿಗಳು ಮೊದಲ ಹಂತದಲ್ಲೇ ಒಪ್ಪಿಗೆ ಪಡೆಯುತ್ತವೆ. ಸ್ಪರ್ಧೆಗೆ ಧಕ್ಕೆ ಎಂಬ ಅನುಮಾನ ಬಂದರೆ 29ನೇ ಕಲಂ ಪ್ರಕಾರ ನೋಟಿಸ್ ಹೋಗುತ್ತದೆ, ವ್ಯವಹಾರದ ವಿವರ ಪ್ರಕಟವಾಗುತ್ತದೆ, ಸಾರ್ವಜನಿಕರನ್ನು ಆಕ್ಷೇಪಣೆಗೆ ಕರೆಯಲಾಗುತ್ತದೆ. 2014ರಲ್ಲಿ ಸನ್ ಫಾರ್ಮಾ–ರ‍್ಯಾನ್‌ಬಾಕ್ಸಿ ಪ್ರಕರಣದಲ್ಲಿ ಮೊದಲ ಬಾರಿಗೆ ಹೀಗೆ ಕರೆಯಲಾಯಿತು. ಈಗ ಅದಕ್ಕೆ ಸಿಗುವ ಕಾಲ ಪ್ರಕಟವಾದ ದಿನದಿಂದ 10 ದಿನ.

ಹತ್ತು ದಿನದಲ್ಲಿ ಲೆಕ್ಕ ಕೂಡಿಸಿ, ವಕೀಲರನ್ನು ಹಿಡಿದು, ಇಂಗ್ಲಿಷಿಗೆ ತಿರುಗಿಸಿ ಕಳಿಸುವುದು ಆಗದ ಮಾತು. ಬಹಳಷ್ಟು ಆಕ್ಷೇಪಣೆಗಳು ಸೋಲುವುದು ಇಲ್ಲೇ. ಅದಕ್ಕೇ ವಿಲೀನದ ಸುದ್ದಿ ಬಂದ ವಾರದಿಂದಲೇ ಲೆಕ್ಕ ಇಡಲು ಶುರುಮಾಡಿ. ಮೊದಲ ಹಂತದಲ್ಲಿಯೇ ಆಯೋಗದ ಕಾರ್ಯದರ್ಶಿಗೆ ನೋಂದಣಿ ಸಂಖ್ಯೆ ಹಾಕಿ ಪತ್ರ ಬರೆಯಲು ಅಡ್ಡಿಯಿಲ್ಲ. ನಮ್ಮ ಸಲಹೆ ಕೇಳಿದರೆ, ಆಗಲೇ ಬರೆಯುವುದು ಮೇಲು. ಪ್ರಕರಣ ಎರಡನೇ ಹಂತಕ್ಕೆ ಹೋಗಬೇಕೇ ಬೇಡವೇ ಎಂದು ಅವರು ತೂಗುವ ಹೊತ್ತು ಅದು.

ಲೆಕ್ಕ ತೆಗೆಯುವುದು

ಕನಿಷ್ಠ ಆರು ತಿಂಗಳ ದಾಖಲೆ ಬೇಕು, ಹನ್ನೆರಡು ತಿಂಗಳಿದ್ದರೆ ಒಳ್ಳೆಯದು. ಪರೀಕ್ಷೆ, ದಸರೆ, ಬೇಸಿಗೆ ರಜೆಯ ಏರಿಳಿತ ಆಗ ಸರಿದೂಗುತ್ತದೆ. ಪ್ರತಿ ದಿನಕ್ಕೆ ನಾಲ್ಕು ಕಾಲಂ ಸಾಕು: ಕನ್ಸೋಲ್ ಸಂಖ್ಯೆ, ಆಟದ ಹೆಸರು, ಆಡಿದ ಗಂಟೆ, ಬಂದ ಹಣ. ಆಟದ ಡಿಸ್ಕ್, ಚಂದಾ, ಕಂಟ್ರೋಲರ್ ಕೊಂಡ ಜಿಎಸ್‌ಟಿ ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿ. ಚಂದಾ ದರ ಏರಿದ್ದರೆ ಏರುವ ಮುಂಚಿನ ಬಿಲ್ಲೂ ಇರಲಿ.

ನಿಜವಾದ ಬೆಲೆ ಇರುವುದು ಆಟ ಸಿಗದೇ ಹೋದ ದಿನಗಳ ಲೆಕ್ಕಕ್ಕೆ. ಡಿಸ್ಕ್ ಗೀರಿಹೋಗಿದೆ, ಸರ್ವರ್ ಕೆಲಸ ಮಾಡಿಲ್ಲ, ಚಂದಾ ಮುಗಿದಿದೆ. ಆ ದಿನಗಳಲ್ಲಿ ಗಿರಾಕಿ ಬೇರೆ ಆಟ ಆಡಿದರೋ, ಮನೆಗೆ ನಡೆದರೋ? ಈ ಮಾಹಿತಿ ಕಂಪನಿಯ ವಕೀಲರ ಬಳಿ ಇರುವುದಿಲ್ಲ, ಅಂಗಡಿಯವರ ಬಳಿ ಮಾತ್ರ ಇರುತ್ತದೆ. ಆಕ್ಷೇಪಣೆಯ ಒಂದು ಪ್ಯಾರಾ ಹೀಗಿರಬಹುದು (ಅಂಕಿಗಳು ಮಾದರಿಗಷ್ಟೇ):

“ನಮ್ಮಲ್ಲಿ 6 ಕನ್ಸೋಲ್ ಇವೆ. 180 ದಿನಗಳಲ್ಲಿ ಒಟ್ಟು 5,400 ಗಂಟೆ ಆಟ ನಡೆದಿದೆ, ದಿನಕ್ಕೆ ಸರಾಸರಿ 30 ಗಂಟೆ. ಅದರಲ್ಲಿ 2,160 ಗಂಟೆ, ಅಂದರೆ ಶೇ 40, ಒಂದೇ ಫುಟ್‌ಬಾಲ್ ಆಟದ್ದು. ಆ ಆಟ 9 ದಿನ ಸಿಗದಿದ್ದಾಗ ದಿನದ ಸರಾಸರಿ 21 ಗಂಟೆಗೆ ಇಳಿಯಿತು. ಸಾಮಾನ್ಯವಾಗಿ ಆ ಆಟಕ್ಕೆ ಹೋಗುವ 12 ಗಂಟೆಗಳಲ್ಲಿ 3 ಗಂಟೆ ಮಾತ್ರ ಬೇರೆ ಆಟಗಳಿಗೆ ತಿರುಗಿತು, 9 ಗಂಟೆ ಪೂರ್ತಿ ಕೈತಪ್ಪಿತು. ದಿನಚರಿ ಪುಸ್ತಕದ ಪ್ರತಿ ಅನುಬಂಧ 2ರಲ್ಲಿದೆ.”

ಆರು ಸಾಲು. ಆದರೆ ಆ ಆಟಕ್ಕೆ ಬದಲಿ ಇಲ್ಲ ಎಂಬುದನ್ನು ಇದು ತೋರಿಸಿಕೊಡುತ್ತದೆ, ಮತ್ತು ‘ಶಕ್ತಿ’ ಎಂಬ ಮೊದಲ ಪ್ರಶ್ನೆಗೆ ಬೇಕಾದ ಪುರಾವೆ ಇದೇ. ಒಂದು ಅಂಗಡಿಯ ಅಂಕಿ ಕಾಕತಾಳೀಯ ಎನ್ನಬಹುದು. ಬಳ್ಳಾರಿ, ಸಿರುಗುಪ್ಪ, ಗಂಗಾವತಿ, ಸಿಂಧನೂರಿನ ಹತ್ತು ಪಾರ್ಲರ್‌ಗಳು ಬೇರೆ ಬೇರೆಯಾಗಿ ಇಟ್ಟ ಲೆಕ್ಕ ಒಂದೇ ಕಡೆ ವಾಲಿದರೆ ಹಾಗೆನ್ನಲು ಬರುವುದಿಲ್ಲ. ಸಂಘದ ಹೆಸರಿನಲ್ಲಿ ಒಂದೇ ಪತ್ರ ಬರೆದರೂ ಅಂಗಡಿವಾರು ಪಟ್ಟಿ ಪ್ರತ್ಯೇಕವಾಗಿರಲಿ.

ಲಾಭದ ಪ್ರಶ್ನೆಗೆ ನಿಮ್ಮಿಂದ ಪೂರ್ತಿ ಉತ್ತರ ಸಾಧ್ಯವಿಲ್ಲ, ಅದು ಕಂಪನಿಯ ಒಳಲೆಕ್ಕ. ಆದರೆ ಒಂದು ಮಾತು ಹೇಳಬಹುದು: ಆ ಆಟಕ್ಕಾಗಿ ನೀವು ಇನ್ನೊಂದು ಕನ್ಸೋಲ್ ಕೊಳ್ಳುತ್ತೀರಾ? ಕೊಳ್ಳುವುದಾದರೆ ಎಷ್ಟು? ಕೊಳ್ಳುವವರು ಹೆಚ್ಚಿದ್ದಷ್ಟೂ ತಡೆಯುವವರ ಲಾಭ ಹೆಚ್ಚು.

ಒಂದು ಎಚ್ಚರಿಕೆ. ಮನೆ ಬಳಕೆಗೆ ಕೊಡುವ ಚಂದಾ ಮತ್ತು ಖಾತೆಗಳನ್ನು ವ್ಯಾಪಾರಕ್ಕೆ ಬಳಸಬಾರದು ಎಂದು ಸಾಮಾನ್ಯವಾಗಿ ಒಪ್ಪಂದದಲ್ಲೇ ಬರೆದಿರುತ್ತದೆ. ಅಂಥ ಖಾತೆಯ ಮೇಲೆ ಪಾರ್ಲರ್ ನಡೆಸುತ್ತ ಅದರದೇ ಲೆಕ್ಕವನ್ನು ಸರ್ಕಾರಿ ಕಡತಕ್ಕೆ ಸೇರಿಸಿದರೆ ಎದುರಿನವರ ಕೈಗೆ ನೀವೇ ಅಸ್ತ್ರ ಕೊಟ್ಟಂತೆ. ಮೊದಲು ಆ ಷರತ್ತು ಓದಿಸಿ, ವಕೀಲರ ಮಾತು ಕೇಳಿ, ಆಮೇಲೆ ಸಹಿ ಹಾಕಿ.

ಬರೆಯುವುದು, ಕಳಿಸುವುದು

ನಾಲ್ಕೈದು ಪುಟ ದಾಟಬೇಡಿ. ಮೊದಲು ನೋಂದಣಿ ಸಂಖ್ಯೆ, ನಿಮ್ಮ ಹೆಸರು, ವ್ಯಾಪಾರ, ವಿಲೀನದಿಂದ ನಿಮಗೆ ಹೇಗೆ ಧಕ್ಕೆ ಎಂಬ ಎರಡು ಸಾಲು. ಆಮೇಲೆ ಮಾರುಕಟ್ಟೆ, ತಡೆ, ಲೆಕ್ಕ. ವಿದೇಶಿ ಕಂಪನಿ ಎಂಬ ಸಿಟ್ಟು, ಮಕ್ಕಳು ಆಟದಿಂದ ಕೆಡುತ್ತಾರೆಂಬ ಮಾತು, ಕೆಲಸ ಹೋಗುತ್ತದೆಂಬ ಆತಂಕ ಇಲ್ಲಿ ಬೇಡ. ಅವು ಎಷ್ಟೇ ನಿಜವಾದರೂ, 20ನೇ ಕಲಮಿನ 4ನೇ ಉಪಕಲಂ ಎಣಿಸುವ ಅಂಶಗಳಲ್ಲಿ ಮುಖ್ಯವಾದವು ಮಾರುಕಟ್ಟೆ ಪಾಲು, ಹೊಸಬರಿಗಿರುವ ಅಡ್ಡಿ, ಬದಲಿ ಸರಕು, ಬೆಲೆ ಏರಿಕೆಯ ಸಾಧ್ಯತೆ ಇಂಥವು.

ಕೊನೆಯಲ್ಲಿ ಏನು ಬೇಕೆಂದು ಕೇಳಿ. ‘ವಿಲೀನ ರದ್ದು ಮಾಡಿ’ ಎನ್ನುವುದಕ್ಕಿಂತ ಷರತ್ತು ಕೇಳುವುದು ಫಲ ಕೊಡುತ್ತದೆ. ಸಿಸಿಐ ಕೂಡ 2024ರ ಆಗಸ್ಟ್ 28ರಂದು ರಿಲಯನ್ಸ್–ಡಿಸ್ನಿ ವಿಲೀನವನ್ನು ಕಂಪನಿಗಳೇ ಒಪ್ಪಿಕೊಂಡ ಮಾರ್ಪಾಡುಗಳೊಂದಿಗೆ ಮಂಜೂರು ಮಾಡಿತು. ಯಾವ ಆಟ, ಯಾವ ಕನ್ಸೋಲ್ ಅಥವಾ ಸೇವೆ, ಎಷ್ಟು ವರ್ಷ, ಇತರರಿಗೆ ಬರುವ ದಿನವೇ ನಮಗೂ ಬರಬೇಕೇ, ಪಾರ್ಲರ್‌ಗಳಿಗೆ ವಾಣಿಜ್ಯ ಪರವಾನಗಿ ಬೇಕೇ, ಪಾಲನೆಯನ್ನು ಯಾರು ನೋಡಿಕೊಳ್ಳಬೇಕು: ಇವನ್ನೆಲ್ಲ ಬಿಡಿಸಿ ಬರೆಯಿರಿ. ‘ಆಟ ಕೊಡಬೇಕು’ ಎಂದಷ್ಟೇ ಷರತ್ತಿದ್ದರೆ ಆರು ತಿಂಗಳು ತಡವಾಗಿ, ಅರ್ಧ ಭಾಗ ಕತ್ತರಿಸಿ ಕೊಟ್ಟರೂ ಕೊಟ್ಟಂತೆಯೇ ಆಗುತ್ತದೆ.

ದಿನಚರಿ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಜೊತೆಗಿಡಿ. ಆದಾಯದ ಅಂಕಿ ಎದುರಿನವರಿಗೆ ತಿಳಿಯಬಾರದು ಎಂದಿದ್ದರೆ ಎರಡು ಪ್ರತಿ ಮಾಡಿ. ಒಂದು ಪೂರ್ತಿ, ಪ್ರತಿ ಪುಟದಲ್ಲಿ ಗೌಪ್ಯ ಎಂದು ಬರೆದದ್ದು. ಇನ್ನೊಂದು ಆ ಅಂಕಿ ಮರೆಮಾಡಿದ್ದು. ಗೌಪ್ಯ ಏಕೆ ಎಂಬ ಕಾರಣವನ್ನೂ ಹೇಳಬೇಕು. ಇಡೀ ಪತ್ರವನ್ನೇ ಗೌಪ್ಯ ಎಂದರೆ ಆಯೋಗ ಒಪ್ಪುವುದು ಕಷ್ಟ. ದೆಹಲಿಯ ಕಿದ್ವಾಯಿ ನಗರದ ಕಚೇರಿಗೆ ಸ್ಪೀಡ್ ಪೋಸ್ಟ್ ಹಾಕುವ ದಿನವೇ ಇಮೇಲ್ ಕೂಡ ಮಾಡಿ. ಅಂಚೆಯನ್ನೇ ನೆಚ್ಚಿಕೊಂಡರೆ ಹತ್ತರಲ್ಲಿ ಮೂರು ನಾಲ್ಕು ದಿನ ದಾರಿಯಲ್ಲೇ ಕಳೆಯುತ್ತದೆ.

31ನೇ ಕಲಂ ಅಡಿ ಆದೇಶ ಬಂದ ಮೇಲೆ ಅದರಲ್ಲಿ ನಿಮ್ಮ ಅಂಶಕ್ಕೆ ಏನು ಉತ್ತರವಿದೆ ನೋಡಿ. ಸಮಾಧಾನವಾಗದಿದ್ದರೆ 60 ದಿನಗಳೊಳಗೆ ಮೇಲ್ಮನವಿ ಹಾಕಬಹುದು. ಹೈಕೋರ್ಟ್ ಎಂದರೆ ಬಳ್ಳಾರಿ, ಕೊಪ್ಪಳದವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ. ಈ ಮೇಲ್ಮನವಿ ಎರಡಕ್ಕೂ ಹೋಗುವುದಿಲ್ಲ. ಅದು ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿಗೆ ಹೋಗುತ್ತದೆ. ಮೊದಲು ಬರೆದ ಆಕ್ಷೇಪಣೆಯ ಪ್ರತಿ, ಕಳಿಸಿದ ರಸೀದಿ, ಇಮೇಲ್‌ಗೆ ಬಂದ ಉತ್ತರ ಇವು ಅಲ್ಲಿ ಬೇಕಾಗುತ್ತವೆ, ಒಂದೇ ಫೈಲಿನಲ್ಲಿ ಇಟ್ಟಿರಿ.